ಒತ್ತಿಗೆ ದುಡ್ಡಿಲ್ಲ

ಪುಷ್ಯ ಮಳೆಯ ಗಾಳಿಗೆ ಸಾಗರದ ಬಿ.ಎಚ್. ರಸ್ತೆಯ ಜವಳಿ ಅಂಗಡಿಯೊಂದರ ಫ್ಲೆಕ್ಸು ಹರಿಯಿತು. ಅದೇನೂ ದೊಡ್ಡ ಸುದ್ದಿಯಲ್ಲ. ಮಲೆನಾಡಿನಲ್ಲಿ ಆ ಗಾಳಿಗೆ ಹಂಚೇ ಹಾರುತ್ತದೆ, ಫ್ಲೆಕ್ಸೇನು ಮಹಾ. ಆದರೆ ರೇಷ್ಮೆ ಸೀರೆ ಉಟ್ಟು ನಗುತ್ತಿದ್ದ ಹೆಣ್ಣುಮಗಳ ಅರ್ಧ ಮುಖ ಪಟಪಟ ಬಡಿದುಕೊಳ್ಳುತ್ತಿದ್ದ ಸಂದಿಯಲ್ಲಿ, ಹಿಂದೆ ಇನ್ನೊಂದು ಬೋರ್ಡು ಕಂಡಿತು. ಹಳೇ ತಗಡಿನದು. ಫ್ಲೆಕ್ಸಿನವರು ಹೊಸ ಚೌಕಟ್ಟಿನ ಖರ್ಚು ಉಳಿಸಲು ಹಳೆಯದರ ಮೇಲೇ ಎಳೆದು ಮೊಳೆ ಹೊಡೆದಿದ್ದರು.

ನಾನು ಎದುರಿನ ಮೆಡಿಕಲ್ ಶಾಪಿನ ಮೆಟ್ಟಿಲ ಮೇಲೆ ಕೊಡೆ ಮಡಚಿ ನಿಂತೆ. ಕಡುಹಸಿರು ನೆಲ, ಹಳದಿ ಅಕ್ಷರ, ಅಕ್ಷರದ ಎಡಕ್ಕೆ ಕೆಳಗೆ ಕುಂಕುಮಗೆಂಪು ನೆರಳು. ಕಂಡದ್ದು ಒಂದೇ ಪದ: ‘ಲಕ್ಷ್ಮೀ’.

ಈ ಪದವನ್ನು ನಾವು ದಿನಕ್ಕೆ ಹತ್ತು ಕಡೆ ನೋಡುತ್ತೇವೆ, ನೋಡಿದ್ದು ಗೊತ್ತಾಗುವುದಿಲ್ಲ. ಆವತ್ತು ಗೊತ್ತಾಯಿತು. ಮೊದಲನೆಯದು ‘ಲ’. ಅದಕ್ಕೆ ತಲೆಕಟ್ಟಿಲ್ಲ. ಬ, ಜ, ಟ, ಣ ಇವಕ್ಕೂ ಇಲ್ಲ. ಪಕ್ಕದ ಅಕ್ಷರಗಳು ತಲೆಗೆ ರುಮಾಲು ಸುತ್ತಿ ನಿಂತಾಗ ಇವು ಬೋಳುದಲೆಯಲ್ಲಿ ಗಿಡ್ಡ ಕಾಣಿಸುತ್ತವೆ. ಬರೆದವರಿಗೆ ಇದು ತಿಳಿದಿತ್ತು. ‘ಲ’ದ ಬೆನ್ನನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿದ್ದರು, ಹೊಟ್ಟೆಯನ್ನು ತುಸು ಅಗಲಿಸಿದ್ದರು. ಅಳೆದರೆ ಸಾಲು ತಪ್ಪಿದೆ, ನೋಡಿದರೆ ಸಮವಾಗಿದೆ. ಕಣ್ಣಿಗೆ ಬೇಕಾದ್ದು ಎರಡನೆಯದು.

ಆಮೇಲೆ ಬರುತ್ತದೆ ‘ಕ್ಷ್ಮೀ’. ಕನ್ನಡದಲ್ಲಿ ಬೋರ್ಡು ಬರೆಯುವವರನ್ನು ಪರೀಕ್ಷೆ ಮಾಡಲೆಂದೇ ಹುಟ್ಟಿದ ಅಕ್ಷರ. ಮೇಲೆ ಗುಡಿಸು, ಬಲಕ್ಕೆ ದೀರ್ಘ, ಕೆಳಗೆ ಷ ಒತ್ತು, ಅದರ ಬಾಲಕ್ಕೆ ಮ ಒತ್ತು. ಒಬ್ಬ ‘ಕ’ನ ಮೈಮೇಲೆ ನಾಲ್ಕು ಜನ. ಈಗಿನ ಬೋರ್ಡುಗಳಲ್ಲಿ ಒತ್ತುಗಳು ಸಣಕಲಾಗಿ, ಕೂಲಿಗೆ ಬಂದವರ ಹಾಗೆ ಕೆಳಗೆ ನೇತಾಡುತ್ತವೆ. ಎಷ್ಟೋ ಸಲ ಚೌಕಟ್ಟಿಗೆ ಸಿಕ್ಕಿ ಅರ್ಧ ಕತ್ತರಿಸಿಹೋಗಿರುತ್ತವೆ. ಇಲ್ಲಿ ಷ ಒತ್ತು ‘ಕ’ನಷ್ಟೇ ದಪ್ಪ ಗೆರೆಯಲ್ಲಿ ನೇರ ಅದರ ಕಾಲಬುಡಕ್ಕೆ ಕೂತಿತ್ತು. ದೀರ್ಘದ ಬಾಲವನ್ನು ಬೇಕೆಂದೇ ಕೆಳಗಿಳಿಸಿ, ಮ ಒತ್ತಿನ ನೆತ್ತಿಗೆ ಕೊಡೆ ಹಿಡಿಸಿದ್ದರು. ಇನ್ನೂ ಒಂದು ಚಮತ್ಕಾರ ಇತ್ತು, ಅದು ಕಂಡದ್ದು ಸ್ವಲ್ಪ ಹೊತ್ತಿನ ಮೇಲೆ, ಗಾಳಿ ಬೀಸಿ ಫ್ಲೆಕ್ಸು ಇನ್ನಷ್ಟು ಮೇಲಕ್ಕೆದ್ದಾಗ. ಕೆಳಗಿನ ಸಾಲಿನಲ್ಲಿ ಸಣ್ಣಕ್ಷರದಲ್ಲಿ ‘ಜವಳಿ ವ್ಯಾಪಾರಿಗಳು’ ಎಂದಿತ್ತು. ಎರಡು ಪದಗಳ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಜಾಗ. ಮೇಲಿನ ಸಾಲಿನಿಂದ ಇಳಿದ ಒತ್ತುಗಳು ಸರಿಯಾಗಿ ಆ ಸಂದಿಗೆ ಬಂದು ಕೂತಿದ್ದವು, ಬಸ್ಸಿನಲ್ಲಿ ಒಬ್ಬರು ಸರಿದು ಕೊಟ್ಟ ಜಾಗದಲ್ಲಿ ಕೂತ ಹಾಗೆ.

ಬಲಗಡೆ ಕೆಳಮೂಲೆಯಲ್ಲಿ ಬರೆದವರ ಸಹಿ ಇರುವುದು ವಾಡಿಕೆ. ಹುಡುಕಿದೆ. ‘ಕಲೆ:’ ಎಂದಿತ್ತು. ಅದರ ಮುಂದೆ ಹೆಸರಿರಬೇಕಾದ ಜಾಗವನ್ನು ತುಕ್ಕು ತಿಂದು, ಅಂಗೈ ಅಗಲದ ಕಂದು ಕಲೆಯೊಂದೇ ಉಳಿದಿತ್ತು. ಎರಡಕ್ಕೂ ಒಂದೇ ಪದ ಇಟ್ಟ ನಮ್ಮ ಭಾಷೆಯ ಕುಚೋದ್ಯಕ್ಕೆ ಮಳೆಯಲ್ಲಿ ನಿಂತು ಒಬ್ಬನೇ ನಕ್ಕೆ.

ಪಕ್ಕದ ಮಳಿಗೆಯ ಟೈಲರ್ ವಯಸ್ಸಾದವರು. ಕತ್ತಿಗೆ ಟೇಪು ಹಾಕಿಕೊಂಡು ಮಳೆ ನೋಡುತ್ತ ಕೂತಿದ್ದರು.

“ಅದಾ? ನಮ್ಮ ಪೇಂಟ್ರು ಬರೆದಿದ್ದು ಮಾರಾಯ್ರೆ.”

“ಹೆಸರೇನು ಅವರದ್ದು?”

“ಪೇಂಟ್ರು ಅಂತ್ಲೇ ಕರೀತಿದ್ದಿದ್ದು.” ಸ್ವಲ್ಪ ಯೋಚಿಸಿದರು. “ಹೆಸರು ಇತ್ತು. ಇರದೆ ಇರ್ತದಾ?”

ಆಮೇಲೆ ಕತ್ತು ಎತ್ತಿ ತಮ್ಮ ತಲೆಯ ಮೇಲಿನ ಬೋರ್ಡು ತೋರಿಸಿದರು. ಅದೂ ಆ ಪೇಂಟ್ರದ್ದೇ. ಮೂವತ್ತು ವರ್ಷ ಅದರ ಕೆಳಗೇ ಹೊಲಿದ ಮನುಷ್ಯರು ಅದನ್ನು ಕೊನೆಯ ಸಲ ನೋಡಿದ್ದು ಯಾವಾಗಲೋ. ಇಂಗ್ಲಿಷಿನಲ್ಲೂ ಒಂದು ಸಾಲು ಇತ್ತು. ಆ ಇಂಗ್ಲಿಷ್ ‘ಆರ್’ ಅಕ್ಷರದ ಕಾಲು, ಕನ್ನಡದ ರ ಒತ್ತಿನ ಹಾಗೆ ಬಾಗಿ, ತುದಿಯಲ್ಲಿ ಸಿಂಗಾರದ ಎಸಳಿನಂತೆ ಚೂಪಾಗಿತ್ತು. ಮೇಲಿನ ‘ಶ್ರೀ’ಯಲ್ಲೂ ಅದೇ ಎಸಳು. ಅಡಿಕೆ ಸೀಮೆಯಲ್ಲಿ ಹುಟ್ಟಿದ ಕೈಗೆ ಬೇರೆ ಯಾವ ತುದಿ ಬಂದೀತು?

ಆ ಎಸಳನ್ನು ಗುರುತಿಟ್ಟುಕೊಂಡು ಊರು ಸುತ್ತಲು ಶುರುಮಾಡಿದೆ. ಹುಟ್ಟಿದೂರಿನಲ್ಲಿ ಹೀಗೆ ತಲೆಯೆತ್ತಿ ನಡೆದು ಎರಡು ಸಲ ಚರಂಡಿಗೆ ಕಾಲು ಹಾಕಿದೆ. ಪರವಾಗಿಲ್ಲ, ಸಿಕ್ಕಿದ್ದು ಹೆಚ್ಚು. ಹಳೇ ಅಡಿಕೆ ಮಂಡಿಯ ಬಾಗಿಲ ಮೇಲೆ, ಗಣಪತಿ ಕೆರೆ ಕಡೆಯ ಗಿರಣಿಯೊಂದರ ಗೋಡೆಯಲ್ಲಿ, ಸೈಕಲ್ ಶಾಪಿನ ಒಳಗಡೆ ಟ್ಯೂಬು ನೇತುಹಾಕುವ ಮೊಳೆಗಳ ಹಿಂದೆ, ಎಲ್ಲೆಲ್ಲೂ ಆ ಎಸಳು. ಒಂದು ಶಾಲೆಯ ಕಾರಿಡಾರಿನಲ್ಲಿ ‘ಸ್ವಾತಂತ್ರ್ಯ’ ಎಂಬ ಪದ ಸಿಕ್ಕಿತು. ಆ ‘ತ್ರ್ಯ’ವನ್ನು ನೋಡಲೆಂದೇ ಇನ್ನೊಮ್ಮೆ ಹೋಗಿ ಬಂದೆ. ಯ ಒತ್ತಿನ ಬಾಲವನ್ನು ಬಾವುಟದ ಹಾಗೆ ಬಲಕ್ಕೆ ಹಾರಿಸಿದ್ದರು. ಪಕ್ಕದಲ್ಲೇ ಕರ್ನಾಟಕದ ಭೂಪಟ. ಅದರಲ್ಲಿ ಸಾಗರದ ಕೆಂಪು ಚುಕ್ಕೆ ಬೆಂಗಳೂರಿನದ್ದಕ್ಕಿಂತ ದೊಡ್ಡದು.

ಎಲ್ಲ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಚಿತ್ರದಲ್ಲಿ ಅವರ ಕೈ ಅಷ್ಟಕ್ಕಷ್ಟೆ. ಮಂಡಿಯ ಬೋರ್ಡಿನ ಗಜಲಕ್ಷ್ಮಿಯ ಆನೆಗಳು ಎಮ್ಮೆಗೆ ಸೊಂಡಿಲು ಹಚ್ಚಿದಂತಿವೆ, ದೇವಿಯ ಎಡಗೈ ಎಲ್ಲಿಂದ ಹೊರಟಿದೆಯೆಂದು ದೇವಿಗೂ ತಿಳಿಯದು. ಗುಡಿಗಾರರು ಗಂಧದ ತುಂಡಿನಲ್ಲಿ ಆನೆಯ ಕಣ್ಣಿನ ಸುಕ್ಕನ್ನೂ ಬಿಡಿಸುವ ಊರು ಇದು. ಇಲ್ಲಿ ಆ ಆನೆಗಳನ್ನು ಕಂಡು ಎಷ್ಟು ಜನ ನಕ್ಕಿರಬಹುದು. ಆದರೆ ಅದೇ ಬೋರ್ಡಿನಲ್ಲಿ ಆನೆಗಳ ಕೆಳಗಿನ ‘ಅಡಿಕೆ’ ನೋಡಿ. ‘ಡಿ’ಯ ಗುಡಿಸು, ‘ಕೆ’ಯ ಏತ್ವ ಎರಡೂ ಒಂದೇ ಬೀಸಿನಲ್ಲಿ ಒಂದೇ ಕಡೆ ವಾಲಿ, ಗಾಳಿಗೆ ತಲೆಯಾಡಿಸುವ ಎರಡು ಮರದ ತಲೆಗಳಂತೆ ಇವೆ. ಆನೆ ಬರೆಯಲು ಬಾರದ್ದು ಅಲ್ಲಿ ತೀರಿಹೋಯಿತು.

ಹೋಟೆಲೊಂದರ ತಿಂಡಿ ಪಟ್ಟಿಯನ್ನು ಮಾತ್ರ ನಾನು ಇನ್ನೂ ಮರೆತಿಲ್ಲ. ಇಡ್ಲಿ, ಅವಲಕ್ಕಿ, ಬನ್ಸು, ಕಷಾಯ ಹೀಗೆ ಸಾಲಾಗಿ ಬಿಳಿ ಅಕ್ಷರ. ಪ್ರತಿ ತಿಂಡಿಯ ಎದುರು ದರಕ್ಕೆಂದು ಒಂದು ಕಪ್ಪು ಚೌಕ. ಅಷ್ಟು ಜಾಗಕ್ಕೆ ಮಾತ್ರ ಹೊಳಪಿಲ್ಲದ, ಸ್ಲೇಟಿನಂಥ ಬಣ್ಣ ಬಳಿದು ಬಿಟ್ಟಿದ್ದರು. ದರ ಏರಿದಾಗ ಒರೆಸಿ ಸೀಮೆಸುಣ್ಣದಲ್ಲಿ ಬರೆದರಾಯಿತು, ತಿಂಡಿಯ ಹೆಸರಿಗೆ ಧಕ್ಕೆಯಿಲ್ಲ. ದರ ನಿಲ್ಲುವುದಿಲ್ಲ ಎಂದು ಅರ್ಥಶಾಸ್ತ್ರ ಓದದೆ ತಿಳಿದಿದ್ದರು. ಹೋಟೆಲಿನವರಿಗೆ ಆಗ ಅದು ಹೊಳೆದಿರಲಿಲ್ಲವಂತೆ. ಬಣ್ಣದಲ್ಲೇ ದರವನ್ನೂ ಬರೆದುಬಿಡಿ ಎಂದು ಜಗಳ ಮಾಡಿದ್ದರಂತೆ.

ಹೀಗೆ ಸುತ್ತುವಾಗ ಪೇಂಟ್ರ ಶಿಷ್ಯರೊಬ್ಬರು ಸಿಕ್ಕರು. ಹದಿನಾಲ್ಕನೆಯ ವಯಸ್ಸಿಗೆ ದಾರ ಹಿಡಿಯಲು ಸೇರಿದವರು, ಈಗ ತಲೆ ಪೂರ್ತಿ ಹಣ್ಣಾಗಿದೆ. ವಾಹನಗಳಿಗೆ ಸ್ಟಿಕ್ಕರ್ ಕತ್ತರಿಸಿ ಅಂಟಿಸುವ ಸಣ್ಣ ಅಂಗಡಿ ಇಟ್ಟಿದ್ದಾರೆ. ಯಂತ್ರ ಚರಚರ ಎಂದು ಯಾರದ್ದೋ ಆಟೋದ ಹಿಂದಿನ ಸಾಲನ್ನು ಕತ್ತರಿಸುತ್ತಿತ್ತು. ಅವರೂ ಗುರುವಿನ ಹೆಸರು ಹೇಳಲಿಲ್ಲ, ‘ಅಣ್ಣ’ ಎಂದರು. ನಾನೂ ಮತ್ತೆ ಕೇಳಲಿಲ್ಲ.

ದಾರ ಹಿಡಿಯುವುದು ಎಂದರೆ ಏನೆಂದು ಕೇಳಿದ್ದಕ್ಕೆ ಅವರು ಯಂತ್ರ ನಿಲ್ಲಿಸಿದರು. ತಗಡಿಗೆ ಮೊದಲು ರೆಡ್ ಆಕ್ಸೈಡು, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ತಿಕ್ಕಿ ನೆಲದ ಬಣ್ಣ ಎರಡು ಕೈ. ಮಲೆನಾಡಿನ ಮಳೆಗಾಲದಲ್ಲಿ ಒಂದೊಂದು ಕೈ ಒಣಗಲು ಎರಡು ದಿನ, ಮೂರು ದಿನ. ಒಲೆಯ ಹತ್ತಿರ ಇಟ್ಟರೆ ಹೊಗೆ ಕೂರುತ್ತದೆ, ಹೊರಗಿಟ್ಟರೆ ಹುಳ ಅಂಟುತ್ತದೆ. ಆಮೇಲೆ ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ಆಚೆ ತುದಿಗೆ ಹುಡುಗ, ಈಚೆ ತುದಿಗೆ ಗುರು ಬಿಗಿಯಾಗಿ ಹಿಡಿದು, ನಡುವೆ ಚಿಮ್ಮಿದರೆ ‘ಟಪ್’ ಎಂದು ಬಿಳಿ ಗೆರೆ. ಹೀಗೆ ಮೂರು ಗೆರೆ: ತಲೆಕಟ್ಟಿಗೆ ಒಂದು, ಅಕ್ಷರದ ಬುಡಕ್ಕೊಂದು, ಒತ್ತಿನ ಬುಡಕ್ಕೊಂದು.

“ಬೇರೆ ಪೇಂಟರುಗಳು ಎರಡೇ ಗೆರೆ ಹೊಡೀತಿದ್ರು,” ಎಂದರು ಶಿಷ್ಯರು. “ಒತ್ತಿಗೆ ಗೆರೆ ಹೊಡೀತಿದ್ದಿದ್ದು ಅಣ್ಣ ಒಬ್ರೇ. ಒತ್ತೂ ಮನೆ ಮಗನೇ ಅಲ್ವೇನೋ, ಅದಕ್ಕೂ ಎಲೆ ಹಾಕಬೇಕು ಅಂತಿದ್ರು.”

ತುದಿಗೆ ಬಟ್ಟೆಯ ಉಂಡೆ ಕಟ್ಟಿದ ಕೋಲನ್ನು ಎಡಗೈಯಲ್ಲಿ ತಗಡಿಗೆ ಆನಿಸಿ, ಅದರ ಮೇಲೆ ಬಲಗೈ ಮಣಿಕಟ್ಟು ಊರಿ ಬರೆಯುವುದು. ಉಸಿರು ಬಿಟ್ಟು, ಮತ್ತೆ ಎಳೆದುಕೊಳ್ಳುವ ಮೊದಲು ಗೆರೆ ಮುಗಿಯಬೇಕು. ಅಳಿಲಿನ ಕೂದಲಿನ ಬ್ರಷ್ಷು, ಅದಕ್ಕೆ ಬಣ್ಣ ಕುಡಿಸುವ ಹದ, ತಗಡಿನ ಅಂಚಿಗೆ ಒರೆಸಿ ತುದಿ ಮಾಡಿಕೊಳ್ಳುವ ರೀತಿ ಎಲ್ಲವನ್ನೂ ಅವರು ಬರಿಗೈಯಲ್ಲಿ ಗಾಳಿಯಲ್ಲೇ ಮಾಡಿ ತೋರಿಸಿದರು. ಮಾಡುತ್ತ ಮಾಡುತ್ತ ಅವರಿಗೇ ಸಾಕಾಗಲಿಲ್ಲ. ಡ್ರಾಯರಿನಿಂದ ಸೀಮೆಸುಣ್ಣ ತೆಗೆದು, ಶಟರು ಎಳೆದು, ಅದರ ಏರಿಳಿತದ ಮೇಲೆ ಒಂದು ‘ಶ್ರೀ’ ಬರೆದರು. ಎಸಳು ಬಂತು. ಆದರೆ ಗುರುವಿನದ್ದಲ್ಲ, ತುಸು ಮೊಂಡು. ಅವರಿಗೂ ಅದು ಕಂಡಿತು. ಒರೆಸಿ ಇನ್ನೊಂದು ಬರೆದರು.

ಒತ್ತಿನ ಜಗಳದ ಕತೆ ಬಂದದ್ದು ಆಗಲೇ. ದೊಡ್ಡ ಬೋರ್ಡಿಗೆ ಚದರಡಿ ಲೆಕ್ಕ, ಸಣ್ಣದಕ್ಕೆ ಅಕ್ಷರದ ಲೆಕ್ಕ. ಜವಳಿ ಅಂಗಡಿಯ ಹಳೇ ಸಾವ್ಕಾರರು ಬೋರ್ಡು ಮಾಡಿಸುವಾಗ ಅಕ್ಷರದ ಲೆಕ್ಕವೇ ಸೋವಿ ಎಂದು ಅದಕ್ಕೇ ಒಪ್ಪಿಕೊಂಡರಂತೆ. ಲ ಒಂದು, ಕ್ಷ್ಮೀ ಒಂದು, ಒಟ್ಟು ಎರಡಕ್ಷರ ಎಂದು ಬೆರಳು ಮಡಚಿದರು. ಪೇಂಟ್ರು ಒಪ್ಪಲಿಲ್ಲ. ಕ, ಷ, ಮ ಮೂರೂ ನಾನೇ ತಾನೆ ಬರೆಯಬೇಕು ಎಂದರು. ಒತ್ತಿಗೆಲ್ಲ ದುಡ್ಡಿಲ್ಲ ಎಂದು ಸಾವ್ಕಾರರು ಖಂಡತುಂಡವಾಗಿ ಹೇಳಿದರು.

“ಆಯ್ತು, ಹಾಗಾದ್ರೆ ಒತ್ತು ಬಿಟ್ಟೇ ಬರೀತೇನೆ. ‘ಲಕೀ’ ಅಂತ ಆಗ್ತದೆ. ಅದೂ ಒಳ್ಳೇ ಹೆಸರೇ, ಇಂಗ್ಲಿಷು.”

ಸಾವ್ಕಾರರು ನಕ್ಕರಂತೆ. ಒತ್ತಿಗೆ ಅರ್ಧ ದರ ಎಂದು ಪಂಚಾಯಿತಿ ಮುಗಿಯಿತು. ಆ ದಿನದಿಂದ ಊರಿನ ಪೇಂಟರುಗಳಲ್ಲೆಲ್ಲ ಒತ್ತಿಗೆ ಅರ್ಧ ದರ ಎಂಬುದೇ ಕಾಯಂ ಆಯಿತು ಎಂದು ಶಿಷ್ಯರು ಹೆಮ್ಮೆಯಿಂದ ಹೇಳುತ್ತಾರೆ. ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ನನಗೆ ಬೇಕಾದ್ದು ಆ ಬೋರ್ಡಿನಲ್ಲಿ ಕಾಣುತ್ತದೆ: ಅರ್ಧ ದುಡ್ಡು ಸಿಕ್ಕ ಒತ್ತುಗಳು ಅಲ್ಲಿ ಪೂರ್ತಿ ದಪ್ಪಕ್ಕೇ ನಿಂತಿವೆ.

ಜಾತ್ರೆಯ ವರ್ಷ ಬಂದರೆ ಕೈತುಂಬ ಕೆಲಸ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ನಾಟಕ ಕಂಪನಿಗಳ ಬಟ್ಟೆ ಬ್ಯಾನರಿಗೆ ಎನಾಮಲ್ ನಡೆಯುವುದಿಲ್ಲ, ಪುಡಿಬಣ್ಣಕ್ಕೆ ಅಂಟು ಕಲಸಿ ಬರೆಯಬೇಕು. ಅಂಟು ಹೆಚ್ಚಾದರೆ ಮಡಚುವಾಗ ಅಕ್ಷರ ಸೀಳುತ್ತದೆ, ಕಡಿಮೆಯಾದರೆ ಹೀರೋಯಿನ್ ಹೆಸರು ಮಂಜಿಗೇ ಇಳಿದುಹೋಗುತ್ತದೆ. ಇನ್ನೊಂದು ಸುಗ್ಗಿ ಚುನಾವಣೆ. ಗೋಡೆಗೆ ಸುಣ್ಣ ಬಳಿದು ರಾತ್ರಿಯಿಡೀ ಗ್ಯಾಸ್‌ಲೈಟಿನಲ್ಲಿ ಬರೆಯುತ್ತಿದ್ದರಂತೆ, ಬೆಳಿಗ್ಗೆ ಈ ಪಕ್ಷಕ್ಕೆ ಬರೆದ ಕೈ ರಾತ್ರಿ ಆ ಪಕ್ಷಕ್ಕೆ. ಸಾರ್ವಜನಿಕ ಜಾಗಗಳನ್ನು ವಿರೂಪಗೊಳಿಸಬಾರದೆಂಬ ಕಾಯ್ದೆ ಕರ್ನಾಟಕದಲ್ಲಿ 1981ರಿಂದಲೂ ಇದೆ, ಆದರೆ ಅದು ಕಾಗದದಲ್ಲಿ ಇತ್ತು. ಟಿ.ಎನ್. ಶೇಷನ್ 1990ರ ಕೊನೆಗೆ ಮುಖ್ಯ ಚುನಾವಣಾ ಆಯುಕ್ತರಾಗಿ ಬಂದು ಗೋಡೆ ಬರಹದ ಮೇಲೆ ಬಿಗಿ ಮಾಡಿದರು. “ದೇಶಕ್ಕೆ ಒಳ್ಳೇದು ಮಾಡಿದ್ರು, ನಮ್ಮ ಅನ್ನ ಹೋಯ್ತು,” ಎಂದು ಶಿಷ್ಯರು ಸಿಟ್ಟಿಲ್ಲದೆ ಹೇಳಿದರು.

ಉಳಿದ ಅನ್ನವನ್ನು ಫ್ಲೆಕ್ಸು ತೆಗೆದುಕೊಂಡಿತು. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧವಾದಾಗ ಆ ಪಟ್ಟಿಯಲ್ಲಿ ಫ್ಲೆಕ್ಸಿನ ಹೆಸರೂ ಇತ್ತು. ಶಿಷ್ಯರು ಆಸೆಯಿಂದ ಅಟ್ಟದ ಮೇಲಿನ ಬ್ರಷ್ಷುಗಳನ್ನು ಇಳಿಸಿ ನೋಡಿದರೆ ಎಲ್ಲ ಕಲ್ಲಾಗಿದ್ದವು. ಟರ್ಪಂಟೈನಿನಲ್ಲಿ ವಾರ ನೆನೆಹಾಕಿದರೂ ಬಿಡಲಿಲ್ಲ. ಫ್ಲೆಕ್ಸೂ ಎಲ್ಲಿಗೂ ಹೋಗಲಿಲ್ಲ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡವಿರಬೇಕು ಎಂಬ ತಿದ್ದುಪಡಿ 2024ರಲ್ಲಿ ಬಂದ ಮೇಲೆ ಕನ್ನಡ ಅಕ್ಷರಗಳು ದೊಡ್ಡದಾದವು ನಿಜ. ಹೇಗೆ ದೊಡ್ಡದಾದವು ಎಂಬುದನ್ನು ಅವರು ತಮ್ಮ ಕಂಪ್ಯೂಟರಿನಲ್ಲೇ ತೋರಿಸಿದರು. ಒಂದು ‘ಮ’ ಬರೆದು ಮೌಸಿನಿಂದ ಅಡ್ಡಕ್ಕೆ ಎಳೆದರು.

“ನೋಡಿ, ನಿಂತ ಗೆರೆ ದಪ್ಪ ಆಯ್ತು, ಮಲಗಿದ ಗೆರೆ ಹಾಗೇ ಉಳೀತು. ಕಾಲಿಗೆ ಆನೆಕಾಲು ಬಂದ ಹಾಗೆ. ಅಣ್ಣ ಎಳೀತಿರ್ಲಿಲ್ಲ. ಜಾಗ ಅಗಲ ಇದ್ರೆ ಅಗಲದ್ದೇ ಬೇರೆ ‘ಮ’ ಬರೀತಿದ್ರು. ಅವರ ಹತ್ರ ಎಷ್ಟು ‘ಮ’ ಇದ್ವೋ ಲೆಕ್ಕ ಇಲ್ಲ.”

ಭಾರತದ ಬೀದಿ ಪೇಂಟರುಗಳ ಅಕ್ಷರವನ್ನು ಕಂಪ್ಯೂಟರಿಗೆ ಇಳಿಸಿ ಉಳಿಸಲು ಹನೀಫ್ ಕುರೇಶಿ ‘ಹ್ಯಾಂಡ್‌ಪೇಂಟೆಡ್‌ಟೈಪ್’ ಎಂಬ ಕೆಲಸ ಕೈಗೊಂಡಿದ್ದರು. ಅವರು 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆ ಫಾಂಟುಗಳಿಗೆ ಪೇಂಟರುಗಳ ಹೆಸರನ್ನೇ ಇಟ್ಟದ್ದು ನನಗೆ ತುಂಬ ಇಷ್ಟವಾದ ಸಂಗತಿ. ಆದರೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಒಂದು ಫಲಕದಲ್ಲಿ ಬರೆಸಿಬಿಡಬಹುದು. ನಮ್ಮಲ್ಲಿ ಕಾಗುಣಿತವೊಂದು ಕಡೆ, ಒತ್ತುಗಳೊಂದು ಕಡೆ. ಪೂರ್ತಿ ಬರೆಸಲು ಗೋಡೆ ಸಾಲದು. ಅದೂ ಅಲ್ಲದೆ, ನಮ್ಮ ಪೇಂಟ್ರ ‘ಕ್ಷ್ಮೀ’ ಹಾಗೆ ಬಂದದ್ದು ಕೆಳಗೆ ‘ಜವಳಿ ವ್ಯಾಪಾರಿಗಳು’ ಇದ್ದದ್ದರಿಂದ. ಕೆಳಗೆ ‘ಬೇಕರಿ’ ಎಂದಿದ್ದರೆ ಅವರು ಬೇರೆಯೇ ‘ಕ್ಷ್ಮೀ’ ಬರೆಯುತ್ತಿದ್ದರು. ಅದನ್ನು ಯಾವ ಫೈಲಿನಲ್ಲಿ ಹಿಡಿದಿಡುವುದು?

ಪೇಂಟ್ರ ಕೆಲಸಗಳಲ್ಲಿ ಶಿಷ್ಯರು ಎಲ್ಲಕ್ಕಿಂತ ಮೇಲೆಂದು ಹೇಳಿದ್ದನ್ನು ನಾನು ಕೊನೆಗೆ ನೋಡಿದೆ. ವಕೀಲರೊಬ್ಬರ ಹಳೇ ಮನೆಯ ಜಗಲಿಯಲ್ಲಿದೆ, ಗಾಜಿನ ಬೋರ್ಡು. ಗಾಜಿನ ಹಿಂಬದಿಯಲ್ಲಿ ಬರೆಯುವುದು, ಮುಂದಿನಿಂದ ಓದುವುದು. ಆದ್ದರಿಂದ ಎಲ್ಲ ತಿರುಗುಮುರುಗು. ಅಕ್ಷರ ಕನ್ನಡಿಯಲ್ಲಿ ಕಂಡಂತೆ ಬಲದಿಂದ ಎಡಕ್ಕೆ ಹೋಗಬೇಕು. ತಗಡಿನ ಮೇಲೆ ಕೊನೆಗೆ ಹಾಕುವ ಅಂಚುಗೆರೆ ಇಲ್ಲಿ ಮೊದಲು, ಆಮೇಲೆ ಅಕ್ಷರದ ಮೈ, ಆಮೇಲೆ ನೆರಳು, ಎಲ್ಲ ಮುಗಿದ ಮೇಲೆ ನೆಲ. ಮೊದಲು ಮಾಡಿದ ತಪ್ಪು ಕೊನೆಗೆ ಮುಂದೆ ಬಂದು ಕೂರುತ್ತದೆ. ಶಿಷ್ಯರು ಕಲಿಯುವಾಗ ‘ವಿ’ಯ ಗುಡಿಸನ್ನು ಮರೆತು ನೆಟ್ಟಗೇ ಹಾಕಿ, ಒಂದು ಇಡೀ ಗಾಜು ಕೆರೆಯಬೇಕಾಯಿತಂತೆ. ಅಣ್ಣ ಬೈಯಲಿಲ್ಲ, ಬ್ಲೇಡು ಕೊಟ್ಟರು.

ನಾನು ಹೋದಾಗ ಸಂಜೆ. ವಕೀಲರಿಲ್ಲ, ಅವರ ಸೊಸೆ ಒಳಗಿನಿಂದ ಬಂದು, ಬೋರ್ಡು ನೋಡಲು ಬಂದವರೆಂದು ತಿಳಿದು ಸ್ವಲ್ಪ ಗಲಿಬಿಲಿಯಾಗಿ, ಚಹಾ ಮಾಡಲು ಹೋದರು. ಕಪ್ಪು ನೆಲದಲ್ಲಿ ಬಂಗಾರದ ಬಣ್ಣದ ಎರಡು ಸಾಲು. ಅಕ್ಷರಗಳಲ್ಲಿ ಬೀದಿಯ ಗದ್ದಲ ಇಲ್ಲ. ಕೋರ್ಟಿಗೆ ಹೊರಟವರ ಹಾಗೆ ಗುಂಡಿ ಹಾಕಿಕೊಂಡು ನಿಂತಿವೆ. ಎಸಳನ್ನು ಹುಡುಕಿದೆ. ಇತ್ತು, ಆದರೆ ಸಣ್ಣದಾಗಿ, ಮೊಟಕಾಗಿ. ಜವಳಿ ಅಂಗಡಿಗೆ ಒಂದು ದನಿ, ವಕೀಲರಿಗೆ ಒಂದು ದನಿ. ಇಳಿಬಿಸಿಲು ಬಂದಾಗ ಗಾಜಿನ ದಪ್ಪದೊಳಗೆ ಅಕ್ಷರದ ನೆರಳು ಇನ್ನೊಂದು ಅಕ್ಷರದ ಹಾಗೆ ಅಲುಗಿತು. ಅದನ್ನು ಅವರು ಲೆಕ್ಕ ಹಾಕಿ ಬರೆದರೋ, ಬಿಸಿಲೇ ಸೇರಿಸಿತೋ.

ಈ ಗಾಜಿನ ಮೇಲೂ ಸಹಿ ಇಲ್ಲ. ವಕೀಲರ ಹೆಸರಿನ ಕೆಳಗೆ ಇನ್ನೊಬ್ಬರ ಹೆಸರು ಚೆನ್ನಾಗಿ ಕಾಣುವುದಿಲ್ಲ ಎಂದು ಆಗ ಹೇಳಿದ್ದರಂತೆ. ನಮ್ಮ ಜಿಲ್ಲೆಯದೇ ಬಳ್ಳಿಗಾವಿಯಿಂದ ಬೇಲೂರಿಗೆ ಹೋದ ಶಿಲ್ಪಿ ದಾಸೋಜ, ಅವನ ಮಗ ಚಾವಣ ಇಬ್ಬರೂ ಮದನಿಕೆಯರ ಪಾದದ ಕೆಳಗೆ ಬಿರುದುಬಾವಲಿಗಳ ಸಮೇತ ತಮ್ಮ ಹೆಸರು ಕೊರೆದರು. ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಷ್ಟು ಕಡೆ ಸಹಿ ಹಾಕಿದ್ದಾನೆಂದು ನೋಡಿದರೆ ನಗು ಬರುತ್ತದೆ. ಅವರ ಕೈಯಲ್ಲಿ ಕಲ್ಲಿತ್ತು. ಎನಾಮಲ್ಲಿಗೆ ಅಷ್ಟು ಆಯುಸ್ಸಿಲ್ಲ, ಮಲೆನಾಡಿನಲ್ಲಂತೂ ಇಲ್ಲವೇ ಇಲ್ಲ.

ಆಗಸ್ಟಿನಲ್ಲಿ ಜವಳಿ ಅಂಗಡಿಗೆ ಹೊಸ ಫ್ಲೆಕ್ಸು ಬಂತು, ಈ ಸಲ ಕಬ್ಬಿಣದ ಹೊಸ ಚೌಕಟ್ಟಿನ ಜೊತೆಗೆ, ಒಳಗೆ ಲೈಟು ಹಾಕಿ. ಹಳೇ ತಗಡು ಏನಾಯಿತೆಂದು ಈಗಿನ ಸಾವ್ಕಾರರನ್ನು ಕೇಳಿದೆ. ಮನೆ ಹಿತ್ತಲಿಗೆ ಕಳಿಸಿದ್ದೇವೆ, ಬಚ್ಚಲ ಒಲೆಯ ಸೌದೆಗೆ ಮುಚ್ಚಲು ಆಯಿತು ಎಂದರು. ಬೇಕಿದ್ದರೆ ಹೋಗಿ ನೋಡಿ ಎಂದು ಹುಡುಗನನ್ನು ಜೊತೆಗೆ ಕಳಿಸಿದರು.

ಹಿತ್ತಲಿನಲ್ಲಿ ಸೌದೆ ರಾಶಿಯ ಮೇಲೆ ಬೋರ್ಡು ಬೋರಲಾಗಿ ಮಲಗಿತ್ತು. ಮೇಲಕ್ಕಿದ್ದದ್ದು ಬರೀ ರೆಡ್ ಆಕ್ಸೈಡಿನ ಬೆನ್ನು, ಹಾರದಿರಲಿ ಎಂದು ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಅಕ್ಷರ ಹಾಳಾಗದಿರಲಿ ಅಂತ ಹೀಗೆ ಮಗುಚಿ ಇಟ್ಟರೇ ಎಂದು ಸಾವ್ಕಾರರ ಹೆಂಡತಿಯನ್ನು ಕೇಳಿದೆ.

“ಅಕ್ಷರದ್ದೆಲ್ಲ ನಂಗೆ ಗೊತ್ತಿಲ್ಲಪ್ಪ,” ಎಂದರು. “ಲಕ್ಷ್ಮೀ ಅಂತ ಬರೆದಿದೆ. ಮಳೇಲಿ ನೆನೆಸಿ ಇಡೋಕಾಗ್ತದಾ?”